ಮನಿ ಪ್ಲಾಂಟ್ ಬೇರು ಕೊಳೆತಿದೆ, ಉಳಿಸೋದು ಹೇಗೆ?

ಪ್ರಶ್ನೆ: ಬೆಂಗಳೂರಿನ ಈ ಜಿಟಿಜಿಟಿ ಮಳೆಗೆ ಬಾಲ್ಕನಿಯ ಮನಿ ಪ್ಲಾಂಟ್ ಎಲೆ ಹಳದಿಯಾಗಿದೆ. ಬುಡ ಮೆತ್ತಗೆ, ಮಣ್ಣು ನಾತ. ಏನು ಮಾಡಲಿ?

ಉತ್ತರ: ಬುಡವೇ ಮೆತ್ತಗಾಗಿದ್ರೆ ಆ ಬೇರಿನ ಆಸೆ ಬಿಡಿ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಗಟ್ಟಿ ಬಳ್ಳಿಯನ್ನು ಗೆಣ್ಣಿನ (ಎಲೆ ಹುಟ್ಟೋ ಗಂಟು) ಅರ್ಧ ಇಂಚು ಕೆಳಗೆ ಕತ್ತರಿಸಿ. ಒಳಗೆ ಕಂದು ಕಂಡ್ರೆ ಇನ್ನೂ ಮೇಲಕ್ಕೆ ಹೋಗಿ, ಹಸಿರು ಸಿಗೋವರೆಗೆ. ಆ ತುಂಡನ್ನು ಬೇರು ಬರೋಕೆ ನೀರಲ್ಲಿಡಿ: ಗೆಣ್ಣು ಮುಳುಗಬೇಕು, ಎಲೆ ಮುಳುಗಬಾರದು. ಮೂರು ದಿನಕ್ಕೊಮ್ಮೆ ನೀರು ಬದಲಿಸಿ.

ಉತ್ತರ: ಬೇರು 2 ಇಂಚು ಬಂದ್ಮೇಲೆ ನೆಡಿ. ಬರೀ ಕೆಮ್ಮಣ್ಣು ಬೇಡ, ಗಟ್ಟಿಯಾಗಿ ಬೇರಿಗೆ ಗಾಳಿ ಸಿಗಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಹರಳು) 1, ಎರೆಗೊಬ್ಬರ 1. ಕುಂಡ 4 ಇಂಚಿನದು ಸಾಕು. ದೊಡ್ಡದಾದ್ರೆ ತೇವ ಆರೋದೇ ಇಲ್ಲ.

ಪ್ರಶ್ನೆ: ಹಳೇ ಮಣ್ಣು ಕರಿಬೇವಿಗೆ ಹಾಕ್ಲಾ?

ಉತ್ತರ: ಅಯ್ಯೋ ಬೇಡಿ, ಕೊಳೆರೋಗ ಅದಕ್ಕೂ ಹತ್ತುತ್ತೆ.