ಯಾವ ಕೆಲಸ ಮೊದಲು ಅನ್ನುವ ಜಗಳ: ನೀವು ಹೇಗೆ ನಿಭಾಯಿಸಿದಿರಿ?

ಪ್ರಶ್ನೆ:
ನಾನು ಪ್ರಾಡಕ್ಟ್ ಮ್ಯಾನೇಜರ್ ಆಗಿ ಎಂಟು ತಿಂಗಳಾಯಿತು. ಯಾವ ಕೆಲಸ ಮೊದಲು ಅಂತ ತೀರ್ಮಾನಿಸಲು ಪ್ರತಿ ಕೆಲಸಕ್ಕೂ ರೈಸ್ (RICE) ಅನ್ನುವ ಲೆಕ್ಕದಲ್ಲಿ ಸ್ಕೋರ್ ಹಾಕಿ ಪಟ್ಟಿ ಮಾಡುತ್ತೇನೆ. ಮೀಟಿಂಗ್‌ನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಎರಡು ದಿನ ಕಳೆದರೆ ಸೇಲ್ಸ್‌ನವರು ನೇರ ಮೇಲಿನವರ ಹತ್ತಿರ ಹೋಗಿ ತಮ್ಮ ಕೆಲಸ ಮುಂದಕ್ಕೆ ಹಾಕಿಸಿಕೊಂಡು ಬರುತ್ತಾರೆ. ಇಂಜಿನಿಯರ್‌ಗಳು ನನ್ನ ಮುಖ ನೋಡುತ್ತಾರೆ. ನಿಮ್ಮ ಅನುಭವ ಹೇಳಿ.

ಉತ್ತರ:
ನನಗೂ ಇದೇ ಆಗಿತ್ತು. ಮೊದಲಿಗೆ, ಸ್ಕೋರ್ ಹಾಕಿದ ಕೂಡಲೇ ರಾಜಕೀಯ ಹೋಯಿತು ಅಂದುಕೊಳ್ಳಬೇಡಿ. ರೈಸ್‌ನಲ್ಲಿ ಎಷ್ಟು ಜನರಿಗೆ ತಲುಪುತ್ತದೆ, ಪರಿಣಾಮ ಎಷ್ಟು, ನಮಗೆ ಖಾತ್ರಿ ಎಷ್ಟು, ಈ ಮೂರನ್ನೂ ಗುಣಿಸಿ ಶ್ರಮದಿಂದ ಭಾಗಿಸುತ್ತೇವೆ, ಅಲ್ವಾ? ನನ್ನ ಪಟ್ಟಿಯಲ್ಲಿ ಒಂದು ಕೆಲಸಕ್ಕೆ 500 ಜನ, ಪರಿಣಾಮ 2, ಖಾತ್ರಿ ಶೇ. 80, ಶ್ರಮ 4. ಅಂದರೆ 200. ಅದರ ಮೇಲಿನ ಕೆಲಸ 225ರಲ್ಲಿತ್ತು. ಒಬ್ಬರು ಬಂದು "ಕ್ಲೈಂಟ್ ಹತ್ರ ಮಾತಾಡಿದ್ದೀನಿ, ಖಾತ್ರಿ 100 ಹಾಕಿ" ಅಂದರು. ಹಾಕಿದೆ. 250 ಆಗಿ ಮೇಲೆ ಕೂತಿತು! ಆಮೇಲೆ ಖಾತ್ರಿಯ ಪಕ್ಕದಲ್ಲಿ 'ಯಾಕೆ' ಅಂತ ಇನ್ನೊಂದು ಕಾಲಂ ಇಟ್ಟೆ. ಅಲ್ಲಿ ಬರೆಯಲು ಏನೂ ಇಲ್ಲದಿದ್ದರೆ 50 ಅಷ್ಟೇ.

ಆದರೆ ನನಗೆ ಜಾಸ್ತಿ ಉಪಯೋಗವಾಗಿದ್ದು ಬೇರೆ. ಹಟ ಹಿಡಿಯುವವರು ಎಷ್ಟೋ ಸಲ ಯಾರಿಗೋ ಮಾತು ಕೊಟ್ಟು ಸಿಕ್ಕಿಬಿದ್ದಿರುತ್ತಾರೆ. ಸೇಲ್ಸ್‌ನ ಹಿರಿಯರೊಬ್ಬರು ಎಕ್ಸ್‌ಪೋರ್ಟ್ ಫೀಚರ್‌ಗಾಗಿ ಮೂರು ವಾರ ಪಟ್ಟು ಬಿಡಲಿಲ್ಲ. ಕೊನೆಗೆ ಅವರೊಬ್ಬರ ಜೊತೆಗೇ ಕೂತು, "ಯಾರಿಗೆ ಏನಂತ ಹೇಳಿದ್ದೀರಿ ಸರ್?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಿಂಗಳ ಕೊನೆಗೆ ಕೊಡ್ತೀವಿ ಅಂತ ಮೇಲ್‌ನಲ್ಲೇ ಬರೆದುಬಿಟ್ಟಿದ್ದೀನಿ" ಅಂದರು. ವಿಚಾರಿಸಿದರೆ ಕ್ಲೈಂಟ್‌ಗೆ ಬೇಕಿದ್ದದ್ದು ತಿಂಗಳಿಗೊಂದು ಫೈಲ್. ನಮ್ಮ ಇಂಜಿನಿಯರ್ ಅರ್ಧ ದಿನದಲ್ಲಿ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಳು. ಅವರ ಮರ್ಯಾದೆ ಉಳಿಯಿತು, ಫೀಚರ್ ತನ್ನ ಸರದಿಯಲ್ಲೇ ಬಂತು. ಅವರು ಆಮೇಲೆ ಮಾತು ಕೊಡುವ ಮೊದಲೇ ನನಗೆ ಫೋನ್ ಮಾಡತೊಡಗಿದರು.

ಇನ್ನೊಬ್ಬರ ಉತ್ತರ:
ನಾವು ಮಾಸ್ಕೋ (MoSCoW) ಪದ್ಧತಿ ಬಳಸುತ್ತೇವೆ. ಅಂದರೆ ಕೆಲಸಗಳನ್ನು ಮಸ್ಟ್ (ಆಗಲೇಬೇಕು), ಶುಡ್ (ಆಗಬೇಕು), ಕುಡ್ (ಆದರೆ ಒಳ್ಳೆಯದು), ವೋಂಟ್ (ಈ ಸಲ ಇಲ್ಲ) ಅಂತ ನಾಲ್ಕು ಗುಂಪು ಮಾಡುವುದು. ಎಲ್ಲರೂ ಎಲ್ಲದಕ್ಕೂ 'ಮಸ್ಟ್' ಹಾಕುತ್ತಿದ್ದರು. ಒಟ್ಟು ಶ್ರಮದಲ್ಲಿ ಮಸ್ಟ್ ಕೆಲಸಗಳ ಪಾಲು ಶೇ. 60 ದಾಟಬಾರದು ಅಂತ ಡಿಎಸ್‌ಡಿಎಂ (DSDM) ಅನ್ನುವ ಪ್ರಾಜೆಕ್ಟ್ ನಡೆಸುವ ವಿಧಾನ ಹೇಳುತ್ತದೆ. ಅದನ್ನೇ ಹಿಡಿದುಕೊಂಡೆವು. ಮಿತಿ ದಾಟಿದರೆ ಯಾವುದನ್ನು ಕೆಳಗಿಳಿಸಬೇಕು ಅಂತ ಆ ಕೆಲಸಗಳನ್ನು ಕೇಳಿದವರೇ ಕೂತು ಮಾತಾಡಿಕೊಳ್ಳಬೇಕು.

ಮತ್ತೊಬ್ಬರ ಉತ್ತರ:
ಮೇಲಿನವರು ನಡುವೆ ಕೆಲಸ ತೂರಿಸಿದರೆ ಬರೀ "ಆಗಲ್ಲ" ಅನ್ನಬೇಡಿ. "ಇದು ಒಳಗೆ ಬಂದರೆ ಈ ಎರಡರಲ್ಲಿ ಯಾವುದನ್ನು ಬಿಡೋಣ?" ಅಂತ ಕೇಳಿ. ಅವರು ಹೇಳಿದ್ದನ್ನು ಅದೇ ದಿನ ಎಲ್ಲರಿಗೂ ಮೇಲ್ ಮಾಡಿ.

ಆ ಮೇಲ್ ಹೋಗುವ ಮುಂಚೆ, ಯಾರ ಕೆಲಸ ಬಿಟ್ಟುಹೋಯಿತೋ ಅವರಿಗೆ ನೀವೇ ಹೋಗಿ ಹೇಳಿ. ನಾನು ಒಮ್ಮೆ ಹೇಳಲಿಲ್ಲ. ಸಪೋರ್ಟ್ ತಂಡದ ಮೇಡಂ ಒಂದು ಬಗ್ ಆ ತಿಂಗಳೇ ಸರಿಹೋಗುತ್ತದೆ ಅಂತ ತಮ್ಮ ಹುಡುಗರಿಗೆ ಧೈರ್ಯ ಹೇಳಿದ್ದರು. ಅದು ಪಟ್ಟಿಯಿಂದ ಬಿದ್ದಿದೆ ಅಂತ ರೋಡ್‌ಮ್ಯಾಪ್ ಸ್ಲೈಡ್ ನೋಡಿದಾಗಲೇ ಅವರಿಗೆ ಗೊತ್ತಾಗಿದ್ದು. ಜಗಳ ಆಡಲಿಲ್ಲ. ಆದರೆ ಆಮೇಲೆ ಎರಡು ಕ್ವಾರ್ಟರ್, ಮೀಟಿಂಗ್‌ಗೆ ಬರುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಗ್ರಾಹಕರ ತೊಂದರೆಗಳು ನನ್ನ ಕಿವಿಗೆ ಬೀಳುವುದೇ ನಿಂತುಹೋಗಿತ್ತು.