ದಿನಕ್ಕೆ ಎರಡೇ ಗಂಟೆ ನೀರು ಬಿಡುವ ಹಳ್ಳಿಯಲ್ಲಿ ಸೋರಿಕೆ ಹಿಡಿಯಲು ಮೊದಲು ಯಾವ ಸೆನ್ಸರ್?

ಕೆರೆಕೋಡಿ, ಬೆಂಗಳೂರು:
ದೊಡ್ಡಬಳ್ಳಾಪುರ ಕಡೆಯ ಒಂದು ಹಳ್ಳಿಗೆ ಸೆನ್ಸರ್ ಹಾಕಬೇಕಿದೆ. ಓವರ್‌ಹೆಡ್ ಟ್ಯಾಂಕ್ 50,000 ಲೀಟರ್, ಒಳವ್ಯಾಸ 5 ಮೀಟರ್. ಸುಮಾರು 180 ಮನೆ. ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ ಸಾಕಾಗಬೇಕು, ಆದರೆ ಕೊನೆಯ ಬೀದಿಗೆ ನೀರು ಮುಟ್ಟುತ್ತಿಲ್ಲ. ರಾತ್ರಿ 2ರಿಂದ 4ರ ಹರಿವು ನೋಡಿ, ಆಗ ಯಾರೂ ನೀರು ಬಳಸದ್ದರಿಂದ ಹರಿಯುವುದೆಲ್ಲ ಸೋರಿಕೆ ಅನ್ನುತ್ತಾರೆ. ಇಲ್ಲಿ ರಾತ್ರಿ ಲೈನೇ ಖಾಲಿ. ಫ್ಲೋ ಮೀಟರೋ, ಪ್ರೆಶರ್ ಸೆನ್ಸರೋ?

ಜಲಮಟ್ಟ:
ಎರಡೂ ಆಮೇಲೆ ಸರ್. ರಾತ್ರಿ ಹರಿವಿನ ಲೆಕ್ಕ ದಿನವಿಡೀ ಒತ್ತಡ ಇರುವ ಲೈನಿಗೆ. ನಿಮಗೆ ಮೊದಲು ಟ್ಯಾಂಕಿಗೊಂದು ಲೆವೆಲ್ ಸೆನ್ಸರ್ ಬೇಕು. ಈ ವ್ಯಾಸಕ್ಕೆ ಮಟ್ಟ 1 ಸೆಂ.ಮೀ. ಇಳಿದರೆ 196 ಲೀಟರ್ ಹೋಯಿತು ಅಂತ. ಪಂಪ್ ನಿಲ್ಲಿಸಿ, ಔಟ್‌ಲೆಟ್ ವಾಲ್ವ್ ಮುಚ್ಚಿ ಒಂದು ಗಂಟೆ ಬಿಡಿ. ಆಗಲೂ ಇಳಿದರೆ ಟ್ಯಾಂಕೋ ವಾಲ್ವೋ ಸೋರುತ್ತಿದೆ, ಇಲ್ಲವೇ ರೈಸಿಂಗ್ ಮೇನ್‌ನಲ್ಲಿ (ಪಂಪ್‌ನಿಂದ ಟ್ಯಾಂಕಿಗೆ ಏರುವ ಪೈಪ್) ನೀರು ವಾಪಸ್ ಹೋಗುತ್ತಿದೆ. ಇಳಿಯದಿದ್ದರೆ ಬೀದಿ ವಾಲ್ವ್‌ಗಳನ್ನೆಲ್ಲ ಮುಚ್ಚಿ ಔಟ್‌ಲೆಟ್ ತೆರೆಯಿರಿ, ನಂತರ ಒಂದೊಂದೇ ಬೀದಿ ತೆರೆಯುತ್ತಾ ಬನ್ನಿ, ಮನೆ ನಲ್ಲಿಗಳು ಮುಚ್ಚಿರಲಿ. ತೆರೆದ ಕೂಡಲೇ ಆಗುವ ಇಳಿಕೆಯನ್ನು ಸೋರಿಕೆ ಅಂದುಕೊಳ್ಳಬೇಡಿ: 90 ಎಂ.ಎಂ. ಪೈಪ್ ಮೀಟರಿಗೆ ಸುಮಾರು 5 ಲೀಟರ್ ಹಿಡಿಯುತ್ತದೆ, 500 ಮೀಟರ್ ತುಂಬುವಷ್ಟರಲ್ಲೇ 13 ಸೆಂ.ಮೀ. ಇಳಿದಿರುತ್ತದೆ. ಪೈಪ್ ತುಂಬಿದ ಮೇಲೂ ಒಂದೇ ಸಮ ಇಳಿಯುತ್ತಿದ್ದರೆ ಅದು ಸೋರಿಕೆ. ನೀರುಗಂಟಿಯನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮನೆ ನಲ್ಲಿಗೆ ತಿರುಪಿಲ್ಲ ಅಂತ ಅವರಿಗೇ ಗೊತ್ತು.

ತಂತಿಬೇಲಿ:
ಅಗ್ಗ ಅಂತ ಅಲ್ಟ್ರಾಸಾನಿಕ್ (ಮೇಲಿಂದ ಶಬ್ದ ಬಿಟ್ಟು ಮಟ್ಟ ಅಳೆಯುವ ಸೆನ್ಸರ್) ತರಬೇಡಿ. ಮುಚ್ಚಳದಡಿ ಸೆನ್ಸರ್ ಮುಖಕ್ಕೆ ಹನಿಗಟ್ಟಿ ಸುಳ್ಳು ಅಳತೆ ಕೊಡುತ್ತದೆ, ಹತ್ತಿರದ 20–25 ಸೆಂ.ಮೀ. ಅದಕ್ಕೆ ಕಾಣುವುದೂ ಇಲ್ಲ. 0–5 ಮೀಟರ್ ಅಳೆಯುವ, 4–20 ಮಿಲಿಆಂಪ್ ಸಿಗ್ನಲ್ ಕೊಡುವ ಸಬ್‌ಮರ್ಸಿಬಲ್ (ನೀರಿನೊಳಗೆ ಮುಳುಗಿರುವ) ಲೆವೆಲ್ ಸೆನ್ಸರ್ ಹಾಕಿ, ತೂತು ಕೊರೆದ ಪಿವಿಸಿ ಪೈಪಿನೊಳಗೆ ಇಳಿಬಿಡಿ. ಒಳಬರುವ ನೀರಿನ ಅಲುಗಾಟ ತಟ್ಟುವುದಿಲ್ಲ. ಸೆನ್ಸರಿಗೆ ಹೊರಗಿನ ಗಾಳಿಯೊತ್ತಡ ಮುಟ್ಟಿಸುವ, ಕೇಬಲ್ಲಿನೊಳಗಿನ ಗಾಳಿಕೊಳವೆಗೆ ತೇವ ಹೋದರೆ ಅಳತೆಯೇ ಜರುಗುತ್ತದೆ, ಅದರ ತುದಿ ಒಣ ಡಬ್ಬಿಯಲ್ಲಿರಲಿ. ಸಿಗ್ನಲನ್ನು ಅಂಕಿಗೆ ಬದಲಿಸುವ ಎಡಿಸಿ 10 ಬಿಟ್‌ನದಾದರೆ ಸಾಲದು, ಒಂದೊಂದು ಹೆಜ್ಜೆಗೂ 6 ಎಂ.ಎಂ. ಹಾರುತ್ತದೆ, 16 ಬಿಟ್ ಬಳಸಿ. ಅಳತೆ ಕಳಿಸುವ ರೇಡಿಯೋಗೆ 865–867 ಮೆಗಾಹರ್ಟ್ಸ್ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ರೇಡಿಯೋ) ಸಾಕು, ಲೈಸೆನ್ಸ್ ಬೇಡ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಮಾತ್ರ ಬಿಡಬೇಡಿ.

ಹರಿವು:
ಒಪ್ಪಿದೆ, ಆದರೆ ಪಂಪ್ ಓಡುವಾಗಲೇ ನೀರು ಬಿಡುವುದಾದರೆ ಬರೀ ಲೆವೆಲ್‌ನಿಂದ ಲೆಕ್ಕ ಸಿಗದು. ಔಟ್‌ಲೆಟ್ಟಿಗೆ ವಿದ್ಯುತ್ಕಾಂತೀಯ ಫ್ಲೋ ಮೀಟರ್ ಬೇಕೇ ಬೇಕು: ಮುಂಚೆ ಪೈಪ್ ವ್ಯಾಸದ 5 ಪಟ್ಟು, ನಂತರ 3 ಪಟ್ಟು ನೇರ ಪೈಪ್, ಸದಾ ನೀರು ತುಂಬಿರುವ ತಗ್ಗಿನ ಜಾಗ. ಚಕ್ರ ತಿರುಗುವ ಮೀಟರ್ ಖಾಲಿ ಲೈನಿನ ಗಾಳಿಗೂ ಓಡುತ್ತದೆ. ಕೊನೆಯ ಬೀದಿಯ ಪ್ರೆಶರ್ ಸೆನ್ಸರ್ ಸೊನ್ನೆಗಿಂತ ಕೆಳಗೂ, ಮೈನಸ್ 1 ಬಾರ್‌ವರೆಗೆ, ಅಳೆಯುವಂತಿರಲಿ. ಯಾರಾದರೂ ಲೈನಿಗೇ ಮೋಟಾರ್ ಕಟ್ಟಿ ಎಳೆದರೆ ಗೊತ್ತಾಗುವುದು ಅಲ್ಲೇ, ಚರಂಡಿ ನೀರು ಪೈಪಿನೊಳಗೆ ನುಗ್ಗುವುದೂ ಆಗಲೇ.