ಕಂಪನಿಯ ಹಣಕ್ಕೆ ಯಾವ ಖಾತೆ? ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ತಮ್ಮ, ಲಂಡನ್: (ಹಂಚಿಕೊಂಡ ಪಟ್ಟಿ: ಸಣ್ಣ ಲಿಮಿಟೆಡ್ ಕಂಪನಿಗಳಿಗೆ ಉಳಿತಾಯ ಖಾತೆಗಳು) ಚಿಕ್ಕಪ್ಪ, ನನ್ನ ಕಂಪನಿಗಾಗಿ ನೋಡುತ್ತಿದ್ದಾಗ ಸಿಕ್ಕಿದ ಪಟ್ಟಿ ಇದು. ಇಲ್ಲಿ ಲಿಮಿಟೆಡ್ ಕಂಪನಿಯೂ ಬಡ್ಡಿ ಬರುವ ಉಳಿತಾಯ ಖಾತೆ ತೆರೆಯಬಹುದು. ಬ್ಯಾಂಕು ಮುಳುಗಿದರೆ 2025ರ ಡಿಸೆಂಬರ್‌ನಿಂದ 1,20,000 ಪೌಂಡ್‌ವರೆಗೆ ರಕ್ಷಣೆಯೂ ಇದೆ. ಹಿರಿಯಡ್ಕದ ನಮ್ಮ ಗೇರುಬೀಜ ಕಾರ್ಖಾನೆಯ ಹಣ ಮಾತ್ರ ಚಾಲ್ತಿ ಖಾತೆಯಲ್ಲಿ ಬಡ್ಡಿಯಿಲ್ಲದೆ ಬಿದ್ದಿರುವುದೇಕೆ?

ಚಿಕ್ಕಪ್ಪ: ಮಾಣಿ ಹೇಳುವುದು ಸರಿ. ಫೆಬ್ರವರಿಯಲ್ಲಿ ಗೇರುಬೀಜ ಬರಲು ಶುರುವಾಗುವವರೆಗೆ ನಲವತ್ತು ಲಕ್ಷ ಸುಮ್ಮನೆ ಕೂತಿರುತ್ತದೆ. ಸೋಮವಾರವೇ ಕಂಪನಿಯ ಹೆಸರಿನಲ್ಲಿ ಒಂದು ಎಸ್‌ಬಿ (ಉಳಿತಾಯ) ಖಾತೆ ತೆರೆಯೋಣ.

ನಾನು: ಚಿಕ್ಕಪ್ಪ, ಅದು ಆಗುವುದಿಲ್ಲ. ವ್ಯಾಪಾರ ನಡೆಸುವ ಕಂಪನಿ, ಪಾಲುದಾರಿಕೆ ಸಂಸ್ಥೆ, ಒಬ್ಬರದೇ ಮಾಲೀಕತ್ವದ ಅಂಗಡಿ, ಇವುಗಳಲ್ಲಿ ಯಾವುದಕ್ಕೂ ಉಳಿತಾಯ ಖಾತೆ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ತಮ್ಮ ಕಳುಹಿಸಿದ ಪಟ್ಟಿ ಅವನ ಕಂಪನಿಗೆ ಸರಿ, ನಮ್ಮದಕ್ಕೆ ಅದರಿಂದ ಉಪಯೋಗವಿಲ್ಲ.

ಚಿಕ್ಕಪ್ಪ: ನಮ್ಮ ಯುವಕ ಮಂಡಲಕ್ಕೆ ಎಸ್‌ಬಿ ಖಾತೆ ಇದೆಯಲ್ಲ? ಖಜಾಂಚಿ ನಾನೇ, ವರ್ಷಕ್ಕೆ ನಾಲ್ಕು ಸಲ ಬಡ್ಡಿ ಬೀಳುವುದನ್ನು ಪಾಸ್‌ಬುಕ್ಕಿನಲ್ಲಿ ನೋಡುತ್ತೇನೆ.

ನಾನು: ಅದು ನೋಂದಾಯಿತ ಸಂಘ, ಆದ್ದರಿಂದ ಅದಕ್ಕೆ ಅವಕಾಶವಿದೆ. ಕಂಪನಿಗಳ ಪೈಕಿ ಲಾಭ ಹಂಚದ, ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿಗಳಿಗೆ ಮಾತ್ರ ವಿನಾಯಿತಿ. ನಾವು ಲಾಭಕ್ಕೆಂದೇ ಬೀಜ ಒಡೆಸುವವರು.

ಚಿಕ್ಕಪ್ಪ: ಹಾಗಾದರೆ ನನ್ನ ಖಾತೆಗೆ ಹಾಕಿ. ಹಿರಿಯ ನಾಗರಿಕನೆಂದು ಎಫ್‌ಡಿಗೆ ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆ, ಫೆಬ್ರವರಿಯಲ್ಲಿ ಅಷ್ಟನ್ನೂ ಬಡ್ಡಿಸಮೇತ ಕಂಪನಿಗೆ ಮರಳಿಸುತ್ತೇನೆ. ನನ್ನ ಮೇಲೆ ನಂಬಿಕೆಯಿಲ್ಲವೇ?

ಮಾವ: ಭಾವ, ಇಲ್ಲಿ ನಂಬಿಕೆಯ ಪ್ರಶ್ನೆ ಇಲ್ಲ. ಕಂಪನಿಯ ಹಣ ನಿರ್ದೇಶಕರ ಖಾತೆಗೆ ಹೋದರೆ ಲೆಕ್ಕದಲ್ಲಿ ಅದು ಸಾಲವೆಂದೇ ಕಾಣುತ್ತದೆ, ಮತ್ತು 2013ರ ಕಂಪನಿ ಕಾಯ್ದೆಯ 185ನೇ ಸೆಕ್ಷನ್ ಅಂಥ ಸಾಲವನ್ನು ನಿಷೇಧಿಸುತ್ತದೆ.

ಚಿಕ್ಕಪ್ಪ: ಖಾಸಗಿ ಕಂಪನಿಗೆ ಅದು ಅನ್ವಯಿಸುವುದಿಲ್ಲವೆಂದು ಆಡಿಟರ್ ಹೇಳಿದ ನೆನಪು.

ನಾನು: 2015ರ ವಿನಾಯಿತಿ ಷರತ್ತಿನದು, ಚಿಕ್ಕಪ್ಪ. ಕಂಪನಿ ಬ್ಯಾಂಕಿನಿಂದ ತೆಗೆದುಕೊಂಡ ಸಾಲ ಷೇರು ಬಂಡವಾಳದ ಎರಡು ಪಟ್ಟಿಗಿಂತ ಕಡಿಮೆ ಇರಬೇಕೆಂಬುದು ಅವುಗಳಲ್ಲೊಂದು. ನಮ್ಮ ಬಂಡವಾಳ ಐದು ಲಕ್ಷ, ಸಿಸಿ ಖಾತೆಯ, ಅಂದರೆ ದಾಸ್ತಾನಿನ ಮೇಲೆ ಬ್ಯಾಂಕು ಕೊಡುವ, ಬೇಕಾದಾಗ ತೆಗೆದು ಕಟ್ಟುವ ಸಾಲದ, ಬಾಕಿಯೇ ಹದಿನೆಂಟು ಲಕ್ಷ. ಅದನ್ನು ಹೇಗೋ ದಾಟಿದೆವೆಂದುಕೊಂಡರೂ ಆದಾಯ ತೆರಿಗೆಯಿಂದ ತಪ್ಪಿಸಿಕೊಳ್ಳಲಾಗದು: ನಮ್ಮಂಥ ಕಂಪನಿಯಲ್ಲಿ ನೂರಕ್ಕೆ ಹತ್ತು ಅಥವಾ ಹೆಚ್ಚು ಮತಾಧಿಕಾರವಿರುವ ಷೇರುದಾರನಿಗೆ ಕೊಟ್ಟ ಸಾಲವನ್ನು, ಕೂಡಿಟ್ಟ ಲಾಭದ ಮಟ್ಟಿಗೆ, ಇಲಾಖೆ ಲಾಭಾಂಶವೆಂದೇ ಎಣಿಸಿ ನಿಮ್ಮ ಕೈಯಲ್ಲಿ ತೆರಿಗೆ ಹಾಕುತ್ತದೆ. ಅರ್ಧ ಪರ್ಸೆಂಟಿನ ಆಸೆಗೆ ಇಷ್ಟು ದೊಡ್ಡ ಕಿರಿಕಿರಿ ಬೇಕೇ?

ಅತ್ತೆ: ನಮ್ಮೂರಿನ ಕ್ರೆಡಿಟ್ ಸೊಸೈಟಿಯಲ್ಲಿ ಬ್ಯಾಂಕಿಗಿಂತ ಒಳ್ಳೆಯ ಬಡ್ಡಿ ಇದೆಯೆಂದು ಎಲ್ಲರೂ ಹೇಳುತ್ತಾರೆ.

ಮಾವ: ಬಡ್ಡಿ ಇದೆ, ಠೇವಣಿ ವಿಮೆ ಇಲ್ಲ. ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳಿಗೆ ವಿಮೆ ಉಂಟು, ಸೊಸೈಟಿಗಳಿಗಿಲ್ಲ. ಅದೂ ಒಂದು ಬ್ಯಾಂಕಿನ ಎಲ್ಲ ಶಾಖೆಗಳು ಸೇರಿ ಒಬ್ಬ ಠೇವಣಿದಾರನಿಗೆ, ಬಡ್ಡಿಯೂ ಸೇರಿ, 5 ಲಕ್ಷ ರೂಪಾಯಿ ಮಾತ್ರ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಮತ್ತು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್, ಎರಡರಲ್ಲೂ ಹಂಚಿಟ್ಟು ನಿಶ್ಚಿಂತೆಯಾಗಿದ್ದವರು ನಮ್ಮಲ್ಲಿ ಬಹಳ ಮಂದಿ. 2020ರ ಏಪ್ರಿಲ್ 1ರಿಂದ ಅವೆರಡೂ ಒಂದೇ ಬ್ಯಾಂಕು, ವಿಮೆಯ ಮಿತಿಯೂ ಒಂದೇ ಎಂಬುದು ಎಷ್ಟೋ ಜನರ ಗಮನಕ್ಕೇ ಬಂದಿಲ್ಲ. ಹಾಗೆಂದು ನಲವತ್ತು ಲಕ್ಷವನ್ನು ಎಂಟು ಬ್ಯಾಂಕುಗಳಿಗೆ ಹಂಚಿ ಎಂದು ನಾನು ಹೇಳಲಾರೆ. ದೊಡ್ಡ ಬ್ಯಾಂಕೊಂದರಲ್ಲಿ ಇಟ್ಟರೆ ಸಾಕು.

ತಮ್ಮ, ಲಂಡನ್: ಲಿಕ್ವಿಡ್ ಫಂಡ್ (ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್) ಆಗಬಹುದೇ?

ನಾನು: ಆಗಬಹುದು, ಆದರೆ ಅದಕ್ಕೂ ವಿಮೆ ಇಲ್ಲ, ಮೊದಲ ವಾರದೊಳಗೆ ತೆಗೆದರೆ ಸ್ವಲ್ಪ ಕಡಿತವಿದೆ, ಲಾಭಕ್ಕೆ ಕಂಪನಿಯ ಮಾಮೂಲು ದರದಲ್ಲೇ ತೆರಿಗೆ. ನಮ್ಮ ಮೊತ್ತಕ್ಕೆ ಆ ಹೊಸ ಕಾಗದಪತ್ರದ ಶ್ರಮ ಬೇಡ.

ನನ್ನ ಮಾತು ಬೇರೆಯೇ. ಖಾತೆ ಹುಡುಕುವ ಮೊದಲು ಸಿಸಿಯ ಕಡೆ ನೋಡಿ. ಹದಿನೆಂಟು ಲಕ್ಷದ ಬಾಕಿಗೆ ನಾವು ನೂರಕ್ಕೆ ಹತ್ತರಂತೆ ಬಡ್ಡಿ ತೆರುತ್ತಿದ್ದೇವೆ, ಫೆಬ್ರವರಿವರೆಗಿನ ಐದು ತಿಂಗಳಿಗೆ 75,000 ರೂಪಾಯಿ. ಅದೇ ಹಣವನ್ನು ಆರು ಪರ್ಸೆಂಟಿನ ಎಫ್‌ಡಿಯಲ್ಲಿಟ್ಟರೆ ಬರುವುದು 45,000. ಬಂದ ಬಡ್ಡಿಗೆ ತೆರಿಗೆ ಕೊಡಬೇಕು, ಸಿಸಿ ತೀರಿಸಿ ಉಳಿಸಿದ ಬಡ್ಡಿಯಿಂದ ಖರ್ಚು ಇಳಿದು ಲಾಭ ಅಷ್ಟೇ ಏರುತ್ತದೆ, ಹಾಗಾಗಿ ತೆರಿಗೆಯ ದೃಷ್ಟಿಯಿಂದ ಎರಡೂ ಸಮ. ಮೊದಲು ಸಿಸಿ ತೀರಿಸುವುದೇ ಲಾಭ.

ಮಾವ: ಲೆಕ್ಕ ಸರಿಯಾಗಿದೆ, ಆದರೆ ಒಂದು ತೊಡಕಿದೆ. ಸಿಸಿಗೆ ಕಟ್ಟಿದ ಹಣ ಮರಳಿ ಸಿಗುವುದು ಡ್ರಾಯಿಂಗ್ ಪವರ್, ಅಂದರೆ ಗೋದಾಮಿನ ಸರಕಿನ ಬೆಲೆ ನೋಡಿ ಬ್ಯಾಂಕು ತೆಗೆಯಲು ಬಿಡುವ ಮೊತ್ತ, ಇದ್ದಷ್ಟೇ. ಫೆಬ್ರವರಿಯ ಮೊದಲ ವಾರ ಗೋದಾಮಿನಲ್ಲಿ ಕಳೆದ ವರ್ಷದ ಬೀಜ ಮುಗಿದಿರುತ್ತದೆ, ಇರುವುದು ನಾಲ್ಕಾರು ಡಬ್ಬ ತಿರುಳು. ಆ ಸ್ಟಾಕ್ ಸ್ಟೇಟ್‌ಮೆಂಟ್ ಹಿಡಿದು ಹೋದರೆ ಮ್ಯಾನೇಜರ್ ಎಷ್ಟು ಬಿಡುತ್ತಾರೆ? ತೋಟದವರು ನಗದಿಗೇ ಕೊಡುವವರು, ಒಂದು ವಾರ ತಡವಾದರೂ ಬೀಜ ಬೇರೆ ಗೋದಾಮಿಗೆ ಹೋಗುತ್ತದೆ.

ನಾನು: ಅದಕ್ಕೇ ಉಳಿದ ಇಪ್ಪತ್ತೆರಡು ಲಕ್ಷವನ್ನು ಮುಟ್ಟುವುದಿಲ್ಲ, ಮಾವ. ಅದರಲ್ಲಿ ಹದಿನೈದು ಲಕ್ಷಕ್ಕೆ ಜನವರಿ ಕೊನೆಗೆ ಮುಗಿಯುವ ಎಫ್‌ಡಿ. ಆ ಹಣದಲ್ಲಿ ಮೊದಲ ಬೀಜ ಕೊಂಡು ಗೋದಾಮಿಗೆ ಹಾಕಿದರೆ, ಮಂಜೂರಾತಿ ಪತ್ರದ ಶೇಕಡಾ 25 ಮಾರ್ಜಿನ್ (ಸರಕಿನ ಬೆಲೆಯಲ್ಲಿ ನಾವೇ ಹಾಕಬೇಕಾದ ಪಾಲು) ಕಳೆದೂ ಹನ್ನೊಂದು ಕಾಲು ಲಕ್ಷದ ಡ್ರಾಯಿಂಗ್ ಪವರ್ ತೆರೆದುಕೊಳ್ಳುತ್ತದೆ. ಮಿಕ್ಕ ಏಳು ಲಕ್ಷ ಚಾಲ್ತಿ ಖಾತೆಯಲ್ಲೇ ಇರಲಿ, ಆದರೆ ಸ್ವೀಪ್ ಸೌಲಭ್ಯದೊಡನೆ. ನಾವು ಹೇಳಿದ ಮಿತಿಗಿಂತ ಮೇಲಿನದ್ದು ತಾನಾಗಿ ಎಫ್‌ಡಿಯಾಗುತ್ತದೆ, ಚೆಕ್ಕು ಬಂದಾಗ ಬೇಕಾದಷ್ಟೇ ಒಡೆಯುತ್ತದೆ. ಶನಿವಾರದ ಬಟವಾಡೆಗೂ 15ನೇ ತಾರೀಕಿನ ಪಿಎಫ್‌ಗೂ ತೊಂದರೆಯಾಗದು.

ಅತ್ತೆ: ಬಡ್ಡಿಯಿಂದ ಬ್ಯಾಂಕಿನವರು ಹಿಡಿದುಕೊಳ್ಳುವುದುಂಟಲ್ಲ?

ನಾನು: ವರ್ಷಕ್ಕೆ 50,000 ರೂಪಾಯಿ ದಾಟಿದರೆ ನೂರಕ್ಕೆ ಹತ್ತು ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ನಿಮ್ಮ ಹಾಗೆ ಫಾರ್ಮ್ ತುಂಬಿ ಬೇಡವೆನ್ನಲು ಕಂಪನಿಗೆ ಬರುವುದಿಲ್ಲ ಅತ್ತೆ. ಕೊನೆಗೆ ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು.

ಮಾವ: ಸ್ವೀಪ್ ಎಷ್ಟರ ತುಂಡುಗಳಲ್ಲಿ ಒಡೆಯುತ್ತದೆ, ಅವಧಿಗೆ ಮುಂಚೆ ಒಡೆದರೆ ಬಡ್ಡಿಯಲ್ಲಿ ಎಷ್ಟು ಕಡಿತ, ಚಾಲ್ತಿ ಖಾತೆಯ ಕನಿಷ್ಠ ಬಾಕಿ ಎಷ್ಟು, ಈ ಮೂರನ್ನೂ ಬರಹದಲ್ಲಿ ಕೇಳಿ. ಕೌಂಟರಿನ ಬಾಯಿಮಾತಿಗೆ ಒಪ್ಪಬೇಡಿ. ನಾನೇ ಮೂವತ್ತು ವರ್ಷ ಕೌಂಟರಿನ ಆ ಬದಿಯಲ್ಲಿ ಕೂತವನು.

ಚಿಕ್ಕಪ್ಪ: ಸಿಸಿ ಪೂರ್ತಿ ತೀರಿಸಿದರೆ ನವೀಕರಣದ ವೇಳೆ ಬ್ಯಾಂಕಿನವರು ಮಿತಿಯನ್ನೇ ಇಳಿಸುತ್ತಾರೆಂಬ ಭಯ ನನಗೆ ಈಗಲೂ ಇದೆ.

ನಾನು: ಏಪ್ರಿಲ್, ಮೇಯಲ್ಲಿ ನಾವು ಮಿತಿಯ ಅಂಚಿನವರೆಗೆ ಬಳಸುವುದು ಅವರ ದಾಖಲೆಯಲ್ಲೇ ಇದೆ. ಅದನ್ನು ತೋರಿಸಿ ಮಾತನಾಡೋಣ.

ಚಿಕ್ಕಪ್ಪ: ಆಗಲಿ, ಬೋರ್ಡಿನ ಠರಾವಿನ ಕರಡು ಹಾಕು. ಆದರೆ ಸಿಸಿಗೆ ಹದಿನೆಂಟಲ್ಲ, ಹದಿನೈದೇ ಕಟ್ಟುವುದು. ಅದರಲ್ಲಿ ಮಾತ್ರ ನನ್ನನ್ನು ಒತ್ತಾಯಿಸಬೇಡ ಮಾರಾಯ್ತಿ.